ಚೂರುಬಟ್ಟೆಯಿಂದ ಬೊಂತೆ ಚೌಕ: ಕೈಯಲ್ಲೇ ಹೊಲಿಯುವ ಪೂರ್ತಿ ವಿಧಾನ

ಚಿಂತಾಮಣಿಯ ನಮ್ಮ ಮನೆಯಲ್ಲಿ ಇದಕ್ಕೆ ಬೊಂತೆ ಅಂತ ಹೆಸರು. ತೆಲುಗು ಮಾತಾಡುವ ಪಕ್ಕದ ಮನೆಯವರಿಗೆ ಬೊಂತ. ಧಾರವಾಡದ ಕಡೆ ಹೋದರೆ ಕೌದಿ. ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಹರಿದ ಕಡೆ ತೇಪೆ ಇಟ್ಟು, ಉದ್ದಕ್ಕೂ ದಾರ ಓಡಿಸಿ ಹೊಲಿದದ್ದು. ಡಿಸೆಂಬರ್, ಜನವರಿ ಚಳಿಯಲ್ಲಿ ಅಜ್ಜಿ ಹೊಲಿದ ಬೊಂತೆಯೊಳಗೆ ಸೇರಿಕೊಂಡರೆ ಬೆಳಗ್ಗೆ ಏಳೋಕೇ ಮನಸ್ಸು ಬರುತ್ತಿರಲಿಲ್ಲ.

ಇಲ್ಲಿ ನಾನು ಹೇಳುವುದು ಅಷ್ಟು ದೊಡ್ಡ ಕೆಲಸ ಅಲ್ಲ. ಚೂರುಬಟ್ಟೆಗಳನ್ನು ಅಳತೆಗೆ ಕತ್ತರಿಸಿ, 9 ಇಂಚಿನ ಒಂದು ಅಂದವಾದ ಚೌಕ ಹೊಲಿಯುವುದು. ಮಷೀನು ಬೇಡ. ಎರಡು ಮೂರು ಸಂಜೆ ಕೂತರೆ ಮುಗಿಯುತ್ತದೆ. ಮೊದಲ ದಿನವೇ ಪೂರ್ತಿ ಬೊಂತೆಗೆ ಕೈ ಹಾಕಿ, ಅರ್ಧಕ್ಕೆ ಬಿಟ್ಟು, ಗಂಟು ಕಟ್ಟಿ ಮಂಚದ ಕೆಳಗೆ ತಳ್ಳಿದವರನ್ನು ತುಂಬಾ ನೋಡಿದ್ದೀನಿ. ನನ್ನ ಕೈಗೆ ಹೊಲಿಗೆ ಹತ್ತೋದಿಲ್ಲ ಅಂತ ಅವರೆಲ್ಲ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಅವರ ಗಂಟು ಬಿಚ್ಚಿ ನೋಡಿದರೆ ಹೊಲಿಗೆ ಚೆನ್ನಾಗೇ ಇರುತ್ತದೆ. ತಪ್ಪಿರೋದು ಗೆರೆ. ಗೆರೆ ಎಳೆಯದೆ ಕಣ್ಣಂದಾಜಿನಲ್ಲಿ ಹೊಲಿದಿರುತ್ತಾರೆ, ಒಂದೊಂದು ತುಂಡೂ ಒಂದೊಂದು ಅಳತೆ ಆಗಿರುತ್ತದೆ, ಕೊನೆಗೆ ಮೂಲೆಗೆ ಮೂಲೆ ಕೂಡೋದಿಲ್ಲ. ಸೀರೆಗೆ ಫಾಲ್ಸ್ ಹಾಕಲು ಬರುವ ಕೈಗೆ ಇದು ಖಂಡಿತ ಬರುತ್ತದೆ.

ಬಟ್ಟೆ ಎಲ್ಲಿಂದ, ಎಂಥದ್ದು

ಮೊದಲು ನಿಮ್ಮ ಬೀರು ತೆಗೆಯಿರಿ. ವರಮಹಾಲಕ್ಷ್ಮಿ, ಗೌರಿ ಹಬ್ಬ, ಸೀಮಂತ ಅಂತ ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣಗಳು ಒಂದು ಮೂಲೆಯಲ್ಲಿ ಇದ್ದೇ ಇರುತ್ತವೆ. ಹೊಲಿಸಲು ಆಗದ ಬಣ್ಣ, ಇನ್ನೊಬ್ಬರಿಗೆ ಕೊಡಲು ಮನಸ್ಸಿಲ್ಲ, ಅಂಥವು. ಅವುಗಳಲ್ಲಿ ಕಾಟನ್ ಇರೋದನ್ನು ಆರಿಸಿಕೊಳ್ಳಿ. ಆಮೇಲೆ ನಿಮ್ಮ ಟೈಲರ್ ಹತ್ತಿರ ಕೇಳಿ. ಅವರ ಮಷೀನಿನ ಕೆಳಗೆ ಒಂದು ಚೀಲ ಇರುತ್ತದೆ, ಚೂಡಿದಾರದ ಪಕ್ಕದ ತುಂಡು, ಲೈನಿಂಗ್ ಚೂರು, ಬ್ಲೌಸಿನ ಕಂಕುಳ ಕತ್ತರಿಸಿದಾಗ ಉಳಿದ ಅರ್ಧಚಂದ್ರದಂಥ ತುಂಡುಗಳು ಎಲ್ಲ ಅದರಲ್ಲೇ. ಹಬ್ಬದ ಹಿಂದಿನ ವಾರ ಹೋಗಿ ಕೇಳಬೇಡಿ, ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಹಬ್ಬ ಕಳೆದ ಮೇಲೆ ಹೋದರೆ ಚೀಲವೂ ತುಂಬಿರುತ್ತದೆ, ಅವರೂ ಖುಷಿಯಾಗಿ ಕೊಡುತ್ತಾರೆ.

ಕೈ ಹೊಲಿಗೆಗೆ ತೆಳುವಾದ, ಒತ್ತಾಗಿ ನೇಯ್ದ ಕಾಟನ್ನೇ ಒಳ್ಳೇದು. ಪಾಪ್ಲಿನ್, ಬ್ಲೌಸಿಗೆ ಬಳಸುವ ಟೂ ಬೈ ಟೂ, ಹಳೇ ಕಾಟನ್ ಸೀರೆ, ಮೆತ್ತಗಾದ ಲುಂಗಿ. ಜೀನ್ಸ್‌ಗೆ ಸೂಜಿ ಹೋಗುವುದು ಕಷ್ಟ. ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬೇಡ. ರೇಷ್ಮೆ ಚೂರು ನೋಡಲು ಚೆಂದ, ಪಕ್ಕದ ಶಿಡ್ಲಘಟ್ಟದಲ್ಲೇ ಗೂಡಿನ ಮಾರುಕಟ್ಟೆ ಇರೋ ನಮಗೆ ರೇಷ್ಮೆ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿನೇ, ಆದರೂ ಮೊದಲ ಚೌಕಕ್ಕೆ ಅದನ್ನು ಮುಟ್ಟಬೇಡಿ. ಜಾರುತ್ತದೆ, ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಕೈ ಪಳಗಿದ ಮೇಲೆ ನಡುವಿನ ಒಂದು ತುಂಡಿಗೆ ಇಡಬಹುದು.

ಯಾವುದು ಕಾಟನ್ ಅಂತ ಮುಟ್ಟಿ ಹೇಳೋದು ಯಾವಾಗಲೂ ಆಗಲ್ಲ. ಒಂದು ಸಲ ಅಪ್ಪಟ ಕಾಟನ್ ಅಂತ ಅಂಗಡಿಯಲ್ಲಿ ಹೇಳಿದ ತುಂಡು ತಂದು, ಚೌಕ ಪೂರ್ತಿ ಹೊಲಿದು, ಕೊನೆಗೆ ಇಸ್ತ್ರಿ ಇಟ್ಟೆ. ನಡುವಿನ ನೀಲಿ ತುಂಡು ಸುರುಟಿಕೊಂಡು ಪೆಟ್ಟಿಗೆಗೆ ಅಂಟಿತು. ಮೂರು ಸಂಜೆಯ ಕೆಲಸ ಹಾಳಾಯಿತು. ಅವತ್ತಿನಿಂದ ಪ್ರತಿ ಹೊಸ ಬಟ್ಟೆಯ ಅಂಚಿನಿಂದ ನಾಲ್ಕೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡುತ್ತೇನೆ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತದೆ. ಬೂದಿಯ ಜೊತೆ ಸಣ್ಣ ಗಟ್ಟಿ ಹರಳೂ ಸಿಕ್ಕರೆ ಅದು ಮಿಕ್ಸ್ ಬಟ್ಟೆ.

ಆರಿಸಿದ ಬಟ್ಟೆಯನ್ನೆಲ್ಲ ಒಗೆಯಲೇಬೇಕು. ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಒಂದು ತುಂಡು ಕುಗ್ಗಿ ಪಕ್ಕದ್ದು ಹಾಗೇ ಉಳಿದರೆ ಚೌಕವೆಲ್ಲ ಸೊಟ್ಟ. ಕೆಂಪು, ಮೆರೂನ್, ಕಡುನೀಲಿಗಳನ್ನು ಬೇರೆಬೇರೆ ಬೋಗುಣಿಯಲ್ಲಿ ನೆನೆಸಿ. ಒದ್ದೆ ಇರುವಾಗಲೇ ಒಂದು ಬಿಳಿ ಬಟ್ಟೆ ಇಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ ಇನ್ನೊಂದು ಸಲ ಒಗೆಯಿರಿ, ನೀರು ತಿಳಿಯಾಗುವವರೆಗೂ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನೋದನ್ನು ನೆಚ್ಚಿಕೊಳ್ಳಬೇಡಿ. ನಾಲ್ಕು ಒಗೆತ ಆದರೂ ಬಿಡುತ್ತಲೇ ಇದ್ದರೆ ಆ ಬಟ್ಟೆ ಬಿಳಿಯ ಪಕ್ಕಕ್ಕೆ ಬರಬಾರದು, ಅಷ್ಟೇ.

ಒಣಗುವ ಮೊದಲು ತೆಳುವಾಗಿ ಗಂಜಿ ಹಾಕಿ. ಅನ್ನ ಬಸಿದ ಗಂಜಿಯನ್ನೇ ಸೋಸಿ, ನೀರು ಬೆರೆಸಿ ಅದ್ದಿದರೆ ಸಾಕು. ಮೆತ್ತನೆಯ ಹಳೇ ಸೀರೆ ಬಟ್ಟೆ ಗೆರೆ ಎಳೆಯುವಾಗ ಸರಿದಾಡುತ್ತದೆ, ಗಂಜಿ ಹಾಕಿದ್ದು ಕಾಗದದ ಹಾಗೆ ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ಒಂದು ಸಲ ಒಗೆದು ಗಂಜಿ ತೆಗೆದುಬಿಡಿ, ಇಲ್ಲದಿದ್ದರೆ ಬೀರುವಿನಲ್ಲಿ ಹುಳ ಬರುತ್ತದೆ.

ಸಾಮಾನು

ಜಾಸ್ತಿ ಏನೂ ಬೇಡ. 8 ಅಥವಾ 9ನೇ ನಂಬರಿನ ಸೂಜಿ (ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ), ಕಾಟನ್ ದಾರ, ಬಟ್ಟೆಗೆಂದೇ ಇಟ್ಟ ಕತ್ತರಿ, ಸ್ಕೇಲು, ಪೆನ್ಸಿಲು, ಗುಂಡುಸೂಜಿ, ಇಸ್ತ್ರಿ ಪೆಟ್ಟಿಗೆ. ಬೆರಳಿಗೆ ಹಾಕುವ ಅಂಗುಸ್ತಾನ ಮೊದಲು ಅಡ್ಡ ಅನ್ನಿಸುತ್ತದೆ. ಆದರೂ ಹಾಕಿಕೊಳ್ಳಿ, ಎರಡನೇ ದಿನ ಬೆರಳು ನೋಯುವಾಗ ಯಾಕೆ ಅಂತ ತಿಳಿಯುತ್ತದೆ. ದಾರ ಸಿಕ್ಕಾಗುತ್ತಿದ್ದರೆ ಮೇಣದಬತ್ತಿಯ ಮೇಲೆ ಒಂದು ಸಲ ಎಳೆದುಕೊಳ್ಳಿ, ಜೇನುಮೇಣ ಇದ್ದರೆ ಇನ್ನೂ ಒಳ್ಳೇದು.

ಗೆರೆ: ಇಲ್ಲಿ ಅವಸರ ಬೇಡ

ನಾವು ಮಾಡುವುದು ಒಂಬತ್ತು ಮನೆಯ ಚೌಕ. ಮೂರು ಸಾಲು, ಸಾಲಿಗೆ ಮೂರು ಮನೆ. ಒಂದೊಂದು ಮನೆಯೂ ಹೊಲಿದ ಮೇಲೆ 3 ಇಂಚು ಇರಬೇಕು. ಹೊಲಿಗೆಗೆ ಸುತ್ತಲೂ ಕಾಲಿಂಚು ಮಾರ್ಜಿನ್ ಬೇಕು, ಹಾಗಾಗಿ ಕತ್ತರಿಸುವ ತುಂಡು 3.5 ಇಂಚು.

ಹಳೇ ಲಗ್ನಪತ್ರಿಕೆ ಒಂದು ತಗೊಳ್ಳಿ. ದಪ್ಪ ರಟ್ಟಿನದು. ಅದರಲ್ಲಿ ಸರಿಯಾಗಿ 3 ಇಂಚಿನ ಚೌಕ ಒಂದು ಕತ್ತರಿಸಿ. ಮೂಲೆ ಸರಿಯಿದೆಯಾ ಅಂತ ನೋಡಲು ಎರಡೂ ಕರ್ಣ ಅಳೆಯಿರಿ, ಎರಡೂ ಒಂದೇ ಬರಬೇಕು. ಇದು ನಿಮ್ಮ ಅಚ್ಚು. ಇದು ಅರ್ಧ ನೂಲಿನಷ್ಟು ತಪ್ಪಿದರೂ ಒಂಬತ್ತು ಮನೆಗೂ ಅದೇ ತಪ್ಪು ಹೋಗುತ್ತದೆ. ಹತ್ತಿಪ್ಪತ್ತು ಸಲ ಗೆರೆ ಎಳೆದ ಮೇಲೆ ರಟ್ಟಿನ ಅಂಚು ಸವೆಯುತ್ತದೆ, ಆಗ ಹೊಸದು ಮಾಡಿಕೊಳ್ಳಿ.

ಈಗ ಬಟ್ಟೆಯನ್ನು ಉಲ್ಟಾ ಹಾಸಿ. ಹಾಸು ಹೊಕ್ಕು, ಅಂದರೆ ಉದ್ದದ ನೂಲು ಅಡ್ಡದ ನೂಲು, ಯಾವ ಕಡೆ ಹೋಗಿದೆ ಅಂತ ನೋಡಿ. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರೆ ಗೊತ್ತಾಗುತ್ತದೆ: ನೂಲಿನ ಉದ್ದಕ್ಕೆ ಎಳೆದರೆ ಹಿಗ್ಗಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಆ ಹಿಗ್ಗುವ ಕಡೆಗೇ ಟೈಲರುಗಳು ಕ್ರಾಸ್ ಅನ್ನೋದು. ಅಚ್ಚಿನ ಅಂಚು ನೂಲಿನ ಜೊತೆ ನೇರವಾಗಿ ಕೂರಬೇಕು. ಕ್ರಾಸಿನಲ್ಲಿ ಕತ್ತರಿಸಿದ ತುಂಡು ಹೊಲಿಯುವಾಗಲೇ ಎಳೆದಾಡಿ ಚೌಕದ ಆಕಾರ ಕಳೆದುಕೊಳ್ಳುತ್ತದೆ. ಟೈಲರ್ ಕೊಟ್ಟ ಅರ್ಧಚಂದ್ರದ ತುಂಡುಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ, ಯಾಕಂದರೆ ತುಂಡು ಉಳಿಸುವ ಆಸೆಗೆ ನಾವು ಅಚ್ಚನ್ನು ಓರೆಯಾಗಿ ಇಟ್ಟುಬಿಡುತ್ತೇವೆ.

ಅಚ್ಚು ಇಟ್ಟು ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಈ ಗೆರೆ ಕತ್ತರಿಸುವ ಗೆರೆ ಅಲ್ಲ, ಹೊಲಿಯುವ ಗೆರೆ. ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಸೂಜಿ ಹೋಗಬೇಕಾದ್ದು ಈ ಗೆರೆಯ ಮೇಲೆಯೇ. ನಾಲ್ಕು ಮೂಲೆಗೂ ಒಂದೊಂದು ಚುಕ್ಕೆ ಇಡಿ, ಹೊಲಿಗೆ ಶುರುವಾಗಿ ನಿಲ್ಲೋದು ಆ ಚುಕ್ಕೆಗಳಲ್ಲಿ. ಆಮೇಲೆ ಗೆರೆಯಿಂದ ಕಾಲಿಂಚು ಹೊರಗೆ ಬಿಟ್ಟು ಕತ್ತರಿಸಿ. ಕತ್ತರಿಸಿದ್ದು ಕೂದಲೆಳೆ ಹೆಚ್ಚುಕಮ್ಮಿ ಆದರೂ ಪರವಾಗಿಲ್ಲ, ಹೊಲಿಗೆಯ ಗೆರೆ ಸರಿಯಿದ್ದರೆ ಮನೆ 3 ಇಂಚೇ ಬರುತ್ತದೆ. ಕೈ ಹೊಲಿಗೆಯ ದೊಡ್ಡ ಅನುಕೂಲವೇ ಇದು.

ಟೈಲರ್ ಸೀಮೆಸುಣ್ಣ ಬೇಡ, ಅದರ ಗೆರೆ ದಪ್ಪ. ಗೆರೆಯ ಈ ಕಡೆ ಹೊಲಿದರೆ ಒಂದು ಅಳತೆ, ಆ ಕಡೆ ಹೊಲಿದರೆ ಇನ್ನೊಂದು. ಕಡುಬಣ್ಣದ ಬಟ್ಟೆಗೆ ಬಿಳಿ ಕಲರ್ ಪೆನ್ಸಿಲ್, ಇಲ್ಲಾಂದರೆ ಸ್ನಾನದ ಸೋಪು ಸವೆದು ಬಿಲ್ಲೆಯ ಹಾಗೆ ಆಗಿರುತ್ತಲ್ಲ, ಅದನ್ನು ಒಣಗಿಸಿ ಅದರ ಅಂಚಿನಲ್ಲಿ ಎಳೆಯಿರಿ. ಬಾಲ್ ಪೆನ್ ಮಾತ್ರ ಬೇಡವೇ ಬೇಡ. ಒಗೆದಾಗ ಶಾಯಿ ಹರಡುತ್ತದೆ.

ಬಣ್ಣ

ಐದು ಗಾಢ, ನಾಲ್ಕು ತಿಳಿ. ನಾಲ್ಕು ಮೂಲೆಗೂ ನಡುವಿಗೂ ಗಾಢ, ಉಳಿದ ನಾಲ್ಕಕ್ಕೆ ತಿಳಿ. ಕತ್ತರಿಸಿದ ಒಂಬತ್ತನ್ನೂ ಚಾಪೆ ಮೇಲೆ ಜೋಡಿಸಿ, ಎದ್ದು ನಿಂತು ದೂರದಿಂದ ನೋಡಿ. ಗಾಢ ಯಾವುದು, ತಿಳಿ ಯಾವುದು ಅಂತ ಗೊಂದಲ ಆದರೆ ಕಣ್ಣು ಅರ್ಧ ಮುಚ್ಚಿ ನೋಡಿ. ಎರಡು ಬಟ್ಟೆ ಒಂದೇ ಹಾಗೆ ಕಂಡರೆ ಅವು ಅಕ್ಕಪಕ್ಕ ಬೇಡ. ದೊಡ್ಡ ಹೂವಿನ ಪ್ರಿಂಟು 3 ಇಂಚಿನಲ್ಲಿ ಕತ್ತರಿಸಿ ಹೋಗುತ್ತದೆ, ಸಣ್ಣ ಚುಕ್ಕಿ, ಸಣ್ಣ ಬಳ್ಳಿ, ಸಣ್ಣ ಚೌಕಳಿ ಚೆನ್ನಾಗಿ ಕಾಣುತ್ತದೆ. ನನಗೆ ಇಷ್ಟವಾದ ಜೋಡಿ ಅರಿಶಿನದ ಹಳದಿ ಮತ್ತು ಕಡು ಮೆರೂನ್. ನಡುವಿನ ಮನೆಗೆ ಮಾತ್ರ ನಾನು ಯಾವಾಗಲೂ ಮನೆಯವರ ಬಟ್ಟೆಯ ತುಂಡೇ ಇಡುತ್ತೇನೆ, ಅಮ್ಮನ ಸೀರೆಯದೋ, ಮಗಳ ಮೊದಲ ಫ್ರಾಕಿನದೋ. ಯಾರಿಗೂ ಹೇಳದೆ ಇದ್ದರೂ ಚೌಕ ನೋಡಿದಾಗ ಅವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಜೋಡಿಸಿದ ಮೇಲೆ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮಧ್ಯೆ ಎದ್ದು ಹೋದರೂ ಯಾವುದು ಎಲ್ಲಿತ್ತು ಅಂತ ಹುಡುಕಬೇಕಿಲ್ಲ.

ಹೊಲಿಗೆ

ದಾರ ಒಂದು ಮೊಳ ತಗೊಳ್ಳಿ. ಮಲ್ಲಿಗೆ ಅಳೆಯುವ ಹಾಗೆ, ಮೊಣಕೈಯಿಂದ ಬೆರಳ ತುದಿವರೆಗೆ, ಸುಮಾರು 18 ಇಂಚು. ಮತ್ತೆ ಮತ್ತೆ ಪೋಣಿಸೋ ಸೋಮಾರಿತನಕ್ಕೆ ಉದ್ದ ತಗೊಂಡರೆ ದಾರ ಹೊಸೆದುಕೊಂಡು ಗಂಟಾಗುತ್ತದೆ, ಬಟ್ಟೆಯೊಳಗೆ ಹೋಗಿ ಬಂದು ಸವೆದು ತುಂಡಾಗುತ್ತದೆ. ಒಂಟಿ ಎಳೆಯಲ್ಲೇ ಹೊಲಿಯಿರಿ.

ಮೊದಲ ಸಾಲಿನ ಎರಡು ತುಂಡುಗಳನ್ನು ಚೆಂದದ ಬದಿ ಒಳಗೆ ಬರುವ ಹಾಗೆ ಮುಖಾಮುಖಿ ಸೇರಿಸಿ. ಮೇಲಿನ ತುಂಡಿನ ಚುಕ್ಕೆಯಲ್ಲಿ ಗುಂಡುಸೂಜಿ ನೇರವಾಗಿ ಚುಚ್ಚಿ, ತಿರುಗಿಸಿ ನೋಡಿ. ಕೆಳಗಿನ ತುಂಡಿನ ಚುಕ್ಕೆಯಲ್ಲೇ ಹೊರಬಂದಿರಬೇಕು. ಬಂದಿಲ್ಲವಾ, ತೆಗೆದು ಇನ್ನೊಮ್ಮೆ. ಎರಡು ತುದಿ ಸರಿಯಾದ ಮೇಲೆ ನಡುವಿಗೂ ಒಂದು ಚುಚ್ಚಿ, ಅಲ್ಲೂ ಗೆರೆಗೆ ಗೆರೆ ಕೂಡಿದೆಯಾ ನೋಡಿ.

ಚುಕ್ಕೆಯಲ್ಲಿ ಸೂಜಿ ಹಾಕಿ, ಒಂದು ಹೊಲಿಗೆ ಮುಂದೆ, ಒಂದು ಹಿಂದೆ ಹಾಕಿ ಗಟ್ಟಿ ಮಾಡಿ. ಆಮೇಲೆ ಗೆರೆಯ ಮೇಲೆ ಸಣ್ಣ ರನ್ನಿಂಗ್ ಹೊಲಿಗೆ, ಅಂದರೆ ಸೂಜಿ ಮೇಲೆ ಕೆಳಗೆ ಹೋಗುತ್ತಾ ಮುಂದೆ ಸಾಗುವ ಹೊಲಿಗೆ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಂದರೆ ಚೆನ್ನ, ಶುರುವಿನಲ್ಲಿ ಆರು ಏಳು ಬಂದರೂ ಸಾಕು, ಸಮವಾಗಿರಲಿ. ಸೂಜಿಗೆ ಒಂದೇ ಸಲ ಮೂರು ನಾಲ್ಕು ಹೊಲಿಗೆ ಏರಿಸಿಕೊಂಡು ಆಮೇಲೆ ಎಳೆಯಿರಿ. ಸೂಜಿ ಬಟ್ಟೆಯೊಳಗೆ ಇರುವಾಗಲೇ ಹಿಂದಕ್ಕೆ ತಿರುಗಿಸಿ ಕೆಳಗಿನ ಗೆರೆ ನೋಡಿ. ಸೂಜಿ ಅದರ ಮೇಲೇ ಇದ್ದರೆ ಎಳೆಯಿರಿ, ಪಕ್ಕಕ್ಕೆ ಹೋಗಿದ್ದರೆ ಈಗಲೇ ಹಿಂದೆ ತೆಗೆಯಿರಿ. ನಾನು ಕಲಿತದ್ದೇ ಹೀಗೆ. ನಮ್ಮ ದೊಡ್ಡಮ್ಮ ಪಕ್ಕದಲ್ಲಿ ಕೂತು, "ತಿರುಗಿಸು, ನೋಡು, ಎಳಿ" ಅಂತ ಪ್ರತಿ ಸಲವೂ ಹೇಳುತ್ತಿದ್ದರು. ಈಗಲೂ ಕೈ ಅದೇ ಲಯದಲ್ಲಿ ಹೋಗುತ್ತದೆ.

ಪ್ರತಿ ಸಲ ದಾರ ಎಳೆದ ಮೇಲೆ ಒಂದು ಹೊಲಿಗೆ ಹಿಂದಕ್ಕೆ ಹಾಕಿ. ಹೀಗೆ ಮಾಡಿದರೆ ಒಂದು ಕಡೆ ದಾರ ಕಿತ್ತರೂ ಇಡೀ ಸಾಲು ಬಿಚ್ಚಿಕೊಳ್ಳಲ್ಲ. ದಾರವನ್ನು ಬಿಗಿಯಾಗಿ ಎಳೆಯಬೇಡಿ, ಬಟ್ಟೆ ನೆರಿಗೆ ಕಟ್ಟುತ್ತದೆ. ಕೊನೆಯ ಚುಕ್ಕೆಗೆ ಬಂದಾಗ ನಿಲ್ಲಿಸಿ, ಎರಡು ಹೊಲಿಗೆ ಹಿಂದಕ್ಕೆ ಹಾಕಿ ಗಂಟು ಹಾಕಿ. ಮಾರ್ಜಿನ್ ಒಳಗೆ ಹೋಗಬೇಡಿ.

ಮೂರು ಸಾಲು ಬೇರೆಬೇರೆಯಾಗಿ ಮುಗಿಸಿ. ಸಾಲಿಗೆ ಸಾಲು ಸೇರಿಸುವಾಗ ನಾಲ್ಕು ಮನೆ ಕೂಡುವ ಮೂಲೆ ಬರುತ್ತದಲ್ಲ, ಎಲ್ಲರೂ ಕೆಡಿಸಿಕೊಳ್ಳೋದು ಅಲ್ಲೇ. ಅಲ್ಲಿ ಎದ್ದು ನಿಂತಿರುವ ಮಾರ್ಜಿನ್ ಮೇಲೆ ಹೊಲಿಯಬೇಡಿ. ಚುಕ್ಕೆವರೆಗೆ ಬನ್ನಿ, ಒಂದು ಹಿಂದೊಲಿಗೆ ಹಾಕಿ, ಮಾರ್ಜಿನನ್ನು ಬೆರಳಲ್ಲಿ ಪಕ್ಕಕ್ಕೆ ಮಡಿಸಿ, ಅದರ ಬುಡದಲ್ಲಿ ಸೂಜಿ ತೂರಿಸಿ ಆ ಕಡೆಯ ಚುಕ್ಕೆಗೆ ಹೋಗಿ, ಅಲ್ಲಿ ಇನ್ನೊಂದು ಹಿಂದೊಲಿಗೆ. ಆಮೇಲೆ ಮುಂದುವರಿಸಿ. ಹೀಗೆ ಮಾಡಿದ ಮೂಲೆ ಬಿಚ್ಚಿ ನೋಡಿದರೆ ನಾಲ್ಕು ಮನೆಯೂ ಸೂಜಿಮೊನೆಯಷ್ಟು ಜಾಗದಲ್ಲಿ ಕೂಡಿರುತ್ತವೆ.

ಹಿಂಬದಿಯಿಂದ ಇಸ್ತ್ರಿ ಮಾಡಿ. ಮಾರ್ಜಿನನ್ನು ಗಾಢ ಬಟ್ಟೆಯ ಕಡೆಗೆ ಮಡಿಸಿ, ಇಲ್ಲದಿದ್ದರೆ ತಿಳಿ ಬಣ್ಣದೊಳಗಿಂದ ನೆರಳಿನ ಹಾಗೆ ಕಾಣುತ್ತದೆ. ಪೆಟ್ಟಿಗೆಯನ್ನು ಒತ್ತಿ, ಎತ್ತಿ, ಒತ್ತಿ. ಅಂಗಿಗೆ ಉಜ್ಜಿದ ಹಾಗೆ ಉಜ್ಜಿದರೆ ಚೌಕ ಹಿಗ್ಗುತ್ತದೆ. ಈಗ ಅಳೆದರೆ ಮಾರ್ಜಿನ್ ಸೇರಿ 9.5 ಇಂಚು ಬರಬೇಕು.

ಇನ್ನಷ್ಟು ಅಂದ ಬೇಕಾದರೆ

ಒಂಬತ್ತು ಮನೆ ಕೈಗೆ ಹತ್ತಿದ ಮೇಲೆ ನಾಲ್ಕು ಮೂಲೆಗೆ ತ್ರಿಕೋನ ತನ್ನಿ. 4 ಇಂಚಿನ ಎರಡು ಗಾಢ, ಎರಡು ತಿಳಿ ಚೌಕ ಕತ್ತರಿಸಿ. ಒಂದು ಗಾಢ, ಒಂದು ತಿಳಿ ಮುಖಾಮುಖಿ ಇಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಆ ಗೆರೆಯ ಎರಡೂ ಕಡೆ ಕಾಲಿಂಚು ದೂರದಲ್ಲಿ ಹೊಲಿದು, ನಡುವಿನ ಗೆರೆಯ ಮೇಲೆ ಕತ್ತರಿಸಿದರೆ ಎರಡು ತುಂಡು ಸಿಗುತ್ತವೆ. ಬಿಡಿಸಿ ಇಸ್ತ್ರಿ ಮಾಡಿ. ಆಮೇಲೆ ಅದೇ 3 ಇಂಚಿನ ಅಚ್ಚನ್ನು ಅದರ ಕರ್ಣ ಹೊಲಿಗೆಯ ಮೇಲೆ ಕೂರುವ ಹಾಗೆ ಇಟ್ಟು ಗೆರೆ ಎಳೆದು, ಕಾಲಿಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ.

ಹೂವು, ದುಂಡು ಬೊಟ್ಟು ಅಂಟಿಸುವ ಆಸೆ ಇದ್ದರೆ ಹೀಗೆ ಮಾಡಿ. ರಟ್ಟಿನಲ್ಲಿ ಒಂದು ರೂಪಾಯಿಗಿಂತ ಸ್ವಲ್ಪ ದೊಡ್ಡ ದುಂಡು ಕತ್ತರಿಸಿ. ಬಟ್ಟೆಯನ್ನು ಅದಕ್ಕಿಂತ ಕಾಲಿಂಚು ಹೆಚ್ಚು ಬಿಟ್ಟು ದುಂಡಗೆ ಕತ್ತರಿಸಿ, ಅಂಚಿನ ಸುತ್ತ ದಾರ ಓಡಿಸಿ, ರಟ್ಟು ಒಳಗಿಟ್ಟು ದಾರ ಎಳೆಯಿರಿ. ಬಟ್ಟೆ ಕಡುಬಿನ ಹಾಗೆ ಮುಚ್ಚಿಕೊಳ್ಳುತ್ತದೆ. ಇಸ್ತ್ರಿ ಒತ್ತಿ, ಆರಿದ ಮೇಲೆ ದಾರ ಸಡಿಲಿಸಿ ರಟ್ಟು ತೆಗೆದರೆ ಅಂಚು ದುಂಡಗೆ ನಿಂತಿರುತ್ತದೆ. ನಡುಮನೆಯ ಮೇಲಿಟ್ಟು ಹೆಮ್ಮಿಂಗ್ ಮಾಡಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ ಇಟ್ಟು ಹೊಲಿಯುತ್ತಾರೆ, ಅದಕ್ಕೆ ಅವರು ಫೂಲ ಅನ್ನುತ್ತಾರೆ, ಹೂವು ಅಂತ. ಅವರು ನಮ್ಮ ಹಾಗೆ ಮನೆ ಮನೆ ಜೋಡಿಸೋದಿಲ್ಲ. ಕೆಳಬಟ್ಟೆಯ ಮೇಲೆ ಅಂಚಿನಿಂದ ಶುರು ಮಾಡಿ, ತುಂಡು ಇಡುತ್ತಾ ಹೊಲಿಯುತ್ತಾ ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ. ಅಚ್ಚೂ ಇಲ್ಲ, ಗೆರೆಯೂ ಇಲ್ಲ, ಆದರೂ ನೋಡುತ್ತಾ ನಿಲ್ಲುವಷ್ಟು ಚೆಂದ. ಅದು ಬೇರೆಯೇ ವಿದ್ಯೆ, ಅದಕ್ಕೆ ಬೇರೆಯೇ ಕಣ್ಣು ಬೇಕು. ಮೂಲೆಯ ಹೂವನ್ನು ಮಾತ್ರ ನಾವೂ ಕಲಿಯಬಹುದು: 3 ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿದರೆ ಅಚ್ಚುಕಟ್ಟಾದ ತ್ರಿಕೋನ.

ಮೂರು ಪದರ, ಆಮೇಲೆ ಅಂಚು

ಚೌಕವನ್ನು ಟೀಪಾಯಿ ಮೇಲೆ ಹಾಸಲು, ಇಲ್ಲಾ ಅಡುಗೆಮನೆಯ ಮಸಿಬಟ್ಟೆಗೆ ಬಳಸೋದಾದರೆ ಒಳಗೆ ಹಳೇ ಟರ್ಕಿ ಟವೆಲ್ಲಿನ ತುಂಡು ಅಥವಾ ಪಂಚೆಯ ಮೂರು ನಾಲ್ಕು ಮಡಿಕೆ ಇಡಿ. ಬಿಸಿ ಪಾತ್ರೆ ಹಿಡಿಯುವುದಕ್ಕೆ ಆದರೆ ಮೇಲೆ, ಒಳಗೆ, ಕೆಳಗೆ ಎಲ್ಲಾ ಕಾಟನ್ನೇ ಇರಬೇಕು, ಪಾಲಿಯೆಸ್ಟರ್ ಕರಗಿ ಕೈ ಸುಡುತ್ತದೆ. ಒಳಪದರ 9.5 ಇಂಚು. ಕೆಳಬಟ್ಟೆ 11.5 ಇಂಚು, ಅಂದರೆ ಸುತ್ತಲೂ ಒಂದಿಂಚು ಜಾಸ್ತಿ.

ಮೂರನ್ನೂ ಹಾಸಿ, ನಡುವಿನಿಂದ ಹೊರಗೆ ಉದ್ದುದ್ದ ಕಚ್ಚಾ ಹೊಲಿಗೆ (ಕೊನೆಗೆ ಬಿಚ್ಚಿ ತೆಗೆಯುವಂಥದ್ದು) ಹಾಕಿ. ಅಂಚಿನಿಂದ ಶುರು ಮಾಡಿದರೆ ನಡುವೆ ಬಟ್ಟೆ ಉಬ್ಬುತ್ತದೆ. ಆಮೇಲೆ ಪ್ರತಿ ಮನೆಯೊಳಗೂ ಅಂಚಿನಿಂದ ಕಾಲಿಂಚು ಒಳಗೆ ಸುತ್ತಲೂ ರನ್ನಿಂಗ್ ಹೊಲಿಗೆ. ಈ ಹೊಲಿಗೆ ಮೇಲೆ ಕಾಣುವಂಥದ್ದು, ಬೇರೆ ಬಣ್ಣದ ದಾರ ಹಾಕಿದರೆ ಎದ್ದು ಕಾಣುತ್ತದೆ. ಕಸೂತಿ ದಾರದ ಆರು ಎಳೆಯಲ್ಲಿ ಎರಡು ಬಿಡಿಸಿಕೊಂಡು ಹೊಲಿಯಬಹುದು. ಇಂಚಿಗೆ ಐದು ಹೊಲಿಗೆ ಬಂದರೂ ಸಾಕು.

ಗಂಟು ಕಾಣಬಾರದು ಅಲ್ವಾ? ದಾರದ ತುದಿಗೆ ಸಣ್ಣ ಗಂಟು ಹಾಕಿ. ಹೊಲಿಗೆ ಶುರುವಾಗುವ ಜಾಗದಿಂದ ಒಂದಿಂಚು ದೂರದಲ್ಲಿ, ಮೇಲಿನ ಬಟ್ಟೆಗೆ ಮಾತ್ರ ಸೂಜಿ ಚುಚ್ಚಿ, ಒಳಪದರದಲ್ಲೇ ಸಾಗಿಸಿ, ಬೇಕಾದ ಜಾಗದಲ್ಲಿ ಹೊರತೆಗೆಯಿರಿ. ಗಂಟು ಬಟ್ಟೆಯ ಮೇಲೆ ಕೂತಿರುತ್ತದೆ. ದಾರವನ್ನು ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಎಳೆಯಿರಿ. ಟಪ್ ಅಂತ ಸಣ್ಣ ಸದ್ದಾಗಿ ಗಂಟು ಒಳಗೆ ಹೋಗುತ್ತದೆ. ಆ ತೂತನ್ನು ಉಗುರಿನಲ್ಲಿ ಸವರಿದರೆ ಮುಚ್ಚಿಕೊಳ್ಳುತ್ತದೆ.

ಕೊನೆಗೆ ಹೆಚ್ಚಾಗಿ ಬಿಟ್ಟ ಕೆಳಬಟ್ಟೆಯನ್ನು ಅರ್ಧ ಇಂಚು ಮಡಿಸಿ, ಇನ್ನೊಂದು ಅರ್ಧ ಇಂಚು ಮೇಲಕ್ಕೆ ಮಡಿಸಿ, ಹೆಮ್ಮಿಂಗ್ ಮಾಡಿ. ಎದುರುಬದುರಿನ ಎರಡು ಕಡೆ ಮೊದಲು, ಆಮೇಲೆ ಉಳಿದೆರಡು. ಅಂಚಿನ ಮನೆಗಳು ಕಾಲಿಂಚು ಒಳಗೆ ಹೋಗುತ್ತವೆ, ಒಂಬತ್ತು ಮನೆಗೆ ಅದು ಚೌಕಟ್ಟಿನ ಹಾಗೆ ಒಪ್ಪುತ್ತದೆ. ತ್ರಿಕೋನದ ಚೌಕ ಆದರೆ ಮೊನೆಗಳು ಮುಚ್ಚಿಹೋಗುತ್ತವೆ, ಹಾಗಾಗಿ ಅದಕ್ಕೆ ಮೊದಲೇ ಸುತ್ತಲೂ 1.5 ಇಂಚಿನ ಪಟ್ಟಿ ಜೋಡಿಸಿ, ಒಳಪದರ, ಕೆಳಬಟ್ಟೆಗಳನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ಮಗುವಿಗೆ ಹೊದಿಸಲು ಮಾಡೋದಾದರೆ ಪದರ ಹಾಕುವ ಮೊದಲೇ ನಿಲ್ಲಿಸಿ, ಮೇಲಿನ ಚೌಕಗಳನ್ನೇ ಕೂಡಿಸುತ್ತಾ ಹೋಗಿ. ಸಾಲಿಗೆ ನಾಲ್ಕರಂತೆ ಹದಿನಾರು ಚೌಕ ಸೇರಿದರೆ 36 ಇಂಚು ಉದ್ದ, 36 ಇಂಚು ಅಗಲ. ಮನೆಗೆ ಮನೆ ಸೇರಿಸಿದ ವಿಧಾನವೇ, ಗೆರೆ ಮಾತ್ರ ಉದ್ದ.

ಇನ್ನು ಉಳಿದ ಸಣ್ಣ ಸಣ್ಣ ಚೂರು. ಒಂದಿಂಚಿಗಿಂತ ಸಣ್ಣದನ್ನು ನಾನು ಒಂದು ಡಬ್ಬದಲ್ಲಿ ಹಾಕಿಡುತ್ತೇನೆ. ಅಜ್ಜಿ ಅಂಥ ಚೂರುಗಳನ್ನು ಹಳೇ ಸೀರೆ ಅಂಚಿನೊಳಗೆ ತುಂಬಿ, ಸುತ್ತಿ ಹೊಲಿದು, ಬಿಂದಿಗೆ ಹೊರಲು ಸಿಂಬೆ ಮಾಡುತ್ತಿದ್ದರು. ನಮಗೀಗ ನಲ್ಲಿ ಇದೆ. ಅದೇ ಥರದ ಸಿಂಬೆಯೊಂದನ್ನು ಚಿಕ್ಕದಾಗಿ ಹೊಲಿದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ನನ್ನ ಗುಂಡುಸೂಜಿಗಳೆಲ್ಲ ಅದರ ಮೇಲೇ ಇರುತ್ತವೆ.